ಸ್ಪಿತಿಯ ಗೊಂಪಾಗಳಿಗೆ ಹೋಗುವವರಿಗೆ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಎರಡು ದಾರಿಗಳಿವೆ. ಮನಾಲಿಯಿಂದ ಅಟಲ್ ಸುರಂಗದ ಮೂಲಕ ಸಾಗಿ, ಸುಮಾರು 4,550 ಮೀಟರ್ ಎತ್ತರದ ಕುಂಜುಂ ಘಟ್ಟವನ್ನು ದಾಟುವುದು ಹತ್ತಿರದ ದಾರಿ. ಶಿಮ್ಲಾದಿಂದ ಸಟ್ಲೆಜ್ ನದಿಯ ಗುಂಟ ಕಿನ್ನೌರ್ ಜಿಲ್ಲೆಯನ್ನು ಹಾದು ಹೋಗುವುದು ಅದರ ಎರಡರಷ್ಟು ದೂರ. ಗೊಂಪಾಗಳ, ಅಂದರೆ ಟಿಬೆಟಿನ ಸಂಪ್ರದಾಯದ ಬೌದ್ಧ ವಿಹಾರಗಳ, ದರ್ಶನಕ್ಕೆಂದೇ ಹೊರಟವರು ದೂರದ ದಾರಿಯನ್ನೇ ಹಿಡಿಯುವುದು ಒಳ್ಳೆಯದು. ಮನಾಲಿಯಿಂದ ಹೊರಟವರು ಒಂದೇ ಹಗಲಿನಲ್ಲಿ ಘಟ್ಟ ಹತ್ತಿ, ಸುಮಾರು 3,650 ಮೀಟರ್ ಎತ್ತರದ ಕಾಜಾ ಪಟ್ಟಣದಲ್ಲಿ ರಾತ್ರಿ ಮಲಗುವಂತಾಗುತ್ತದೆ, ಸಮುದ್ರಮಟ್ಟಕ್ಕೆ ಹತ್ತಿರದ ಊರುಗಳಿಂದ ಬಂದ ದೇಹ ಅದನ್ನು ಸುಲಭವಾಗಿ ತಾಳುವುದಿಲ್ಲ. ಕಿನ್ನೌರ್ ದಾರಿಯಲ್ಲಿ ಕಲ್ಪಾ, ನಾಕೊ, ತಾಬೊ ಎಂದು ಒಂದೊಂದು ಕಡೆ ತಂಗುತ್ತ ಹೋದರೆ ಉಸಿರು ಎತ್ತರಕ್ಕೆ ಹೊಂದಿಕೊಳ್ಳುತ್ತದೆ. ಕಣಿವೆಯ ಅತ್ಯಂತ ಹಳೆಯ ಗುಡಿಗಳು ಮೊದಲು ಕಾಣಸಿಗುವುದೂ ಈ ದಾರಿಯಲ್ಲೇ.

ನಮ್ಮ ಮಕ್ಕಳಿಗೆ ಬೇಸಿಗೆ ರಜೆ ಸಿಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಕುಂಜುಂ ಸಾಮಾನ್ಯವಾಗಿ ಹಿಮದಡಿಯಲ್ಲೇ ಇರುತ್ತದೆ. ಆಗ ಶಿಮ್ಲಾದಿಂದಲೇ ಹೋಗಿ, ಅದೇ ದಾರಿಯಲ್ಲಿ ಮರಳಬೇಕು. ಜುಲೈ, ಆಗಸ್ಟ್‌ನಲ್ಲಿ ಕಿನ್ನೌರಿನ ರಸ್ತೆಗೆ ಗುಡ್ಡ ಕುಸಿಯುವ ಭಯವಿದೆ. ಆಯ್ಕೆಯ ಅವಕಾಶವಿದ್ದರೆ ಸೆಪ್ಟೆಂಬರ್ ಉತ್ತಮ, ಯಾವ ತಿಂಗಳಾದರೂ ಎರಡು ದಿನಗಳನ್ನು ಕೈಯಲ್ಲಿ ಉಳಿಸಿಕೊಂಡೇ ಮರಳುವ ಟಿಕೆಟ್ ಮಾಡಿಸಬೇಕು. ಭಾರತೀಯರಿಗೆ ವಿಶೇಷ ಪರವಾನಗಿ ಬೇಕಿಲ್ಲವಾದರೂ ಗುರುತಿನ ಚೀಟಿ ಜೊತೆಯಲ್ಲಿರಬೇಕು. ಟಿಬೆಟ್ ಗಡಿಗೆ ಹತ್ತಿರದ ಪ್ರದೇಶವಾದ್ದರಿಂದ, ವಿದೇಶಿ ಪಾಸ್‌ಪೋರ್ಟ್ ಹೊಂದಿರುವ ಬಂಧುಗಳು ಜೊತೆಗಿದ್ದರೆ ಅವರಿಗೆ ಕಿನ್ನೌರ್ ದಾರಿಯಲ್ಲಿ ಇನ್ನರ್ ಲೈನ್ ಪರ್ಮಿಟ್ ಬೇಕಾಗುತ್ತದೆ. ಅದನ್ನು ಶಿಮ್ಲಾದಲ್ಲೋ ಕಿನ್ನೌರಿನ ಜಿಲ್ಲಾಕೇಂದ್ರವಾದ ರೆಕಾಂಗ್ ಪಿಯೋದಲ್ಲೋ ಮೊದಲೇ ಮಾಡಿಸಿಕೊಳ್ಳಬೇಕು. ನಗದು ಹಣವನ್ನು ಸಾಕಷ್ಟು ಇಟ್ಟುಕೊಳ್ಳಿ.

ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಎತ್ತರದ ಬಾಧೆಯ ಮೊದಲ ಲಕ್ಷಣಗಳು. ಇವು ಕಂಡಾಗ ಮೇಲಕ್ಕೆ ಹೋಗದೆ ಅಲ್ಲಿಯೇ ನಿಲ್ಲಬೇಕು, ಹೆಚ್ಚಾದರೆ ತಡಮಾಡದೆ ಕೆಳಗಿಳಿಯಬೇಕು. ಹೃದಯ, ಶ್ವಾಸಕೋಶಗಳ ತೊಂದರೆ ಇರುವವರು ಊರು ಬಿಡುವ ಮೊದಲೇ ವೈದ್ಯರನ್ನು ಕಾಣಬೇಕು.

ಸುಮಾರು 3,280 ಮೀಟರ್ ಎತ್ತರದ ತಾಬೊಗೆ ಕನಿಷ್ಠ ಎರಡು ರಾತ್ರಿಗಳನ್ನು ಕೊಡಿ ಎಂಬುದು ನನ್ನ ಒತ್ತಾಯ. ಪಶ್ಚಿಮ ಟಿಬೆಟಿನ ಗುಗೆ ರಾಜ್ಯದ ದೊರೆ ಯೇಶೆ ಓ 996ರಲ್ಲಿ ಕಟ್ಟಿಸಿದ, 1042ರಲ್ಲಿ ಜೀರ್ಣೋದ್ಧಾರಗೊಂಡ ಈ ವಿಹಾರ ಹೊರಗಿನಿಂದ ನೋಡಿದರೆ ಬರಿಯ ಮಣ್ಣಿನ ಗೋಡೆಗಳ ಗುಂಪು. ಮುಖ್ಯ ಗುಡಿಯ ಒಳಗೆ ಹೋದಾಗ ಮೊದಲು ಕತ್ತಲೆಯಲ್ಲದೆ ಬೇರೇನೂ ತೋರುವುದಿಲ್ಲ. ಐದು ನಿಮಿಷ ಸುಮ್ಮನೆ ನಿಂತರೆ ನಡುವೆ ನಾಲ್ಕು ದಿಕ್ಕಿಗೆ ಮುಖಮಾಡಿದ ವೈರೋಚನ ಬುದ್ಧನೂ, ಆಮೇಲೆ ಗೋಡೆಯ ಸುತ್ತ ತಲೆಗಿಂತ ಮೇಲೆ ಕುಳಿತ ಜೇಡಿಮಣ್ಣಿನ ಮೂರ್ತಿಗಳೂ ಒಂದೊಂದಾಗಿ ಮೂಡಿಬರುತ್ತವೆ. ಗೋಡೆಗೇ ಅಂಟಿಕೊಂಡಿರುವ ಮೂವತ್ತಕ್ಕೂ ಹೆಚ್ಚಿನ ಈ ಮೂರ್ತಿಗಳು ಗಾಳಿಯಲ್ಲಿ ತೇಲುತ್ತಿರುವಂತೆ ತೋರುತ್ತವೆ. ಇಡೀ ಗುಡಿಯೇ ಒಂದು ಮಂಡಲ, ಅಂದರೆ ನಡುವಿನ ಬುದ್ಧನ ಸುತ್ತ ದೇವತೆಗಳು ನೆಲೆಸಿದ ಪವಿತ್ರ ವಿನ್ಯಾಸ, ಅದರೊಳಗೆ ನಾವು ನಿಂತಿದ್ದೇವೆ ಎಂಬುದು ಆಗ ಅರಿವಾಗುತ್ತದೆ. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ಚಿಕ್ಕದೊಂದು ಟಾರ್ಚ್ ಇರಲಿ, ಅದನ್ನು ಬಳಸಬಹುದೇ ಎಂದು ಅಲ್ಲಿನ ಭಿಕ್ಷುಗಳನ್ನು ಮೊದಲು ಕೇಳಿ.

ಇಲ್ಲಿ ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ದೇವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಕಂಬಕ್ಕೆ ಹಣೆ ತಾಗಿಸುವುದು, ಕರ್ಪೂರ ಹಚ್ಚುವುದು, ಮೂರ್ತಿಯ ಮಡಿಲಿಗೆ ನಾಣ್ಯ ಹಾಕುವುದು ನಮ್ಮ ಕೈಗೆ ಒಗ್ಗಿದ ಭಕ್ತಿ. ಕಲ್ಲಿನ ದೇಗುಲ ಅದನ್ನು ತಾಳಿಕೊಳ್ಳುತ್ತದೆ, ಆದರೆ ಸಾವಿರ ವರ್ಷದ ಮಣ್ಣಿನ ಗಾರೆ ತಾಳುವುದಿಲ್ಲ. ಬೆರಳಿನ ಎಣ್ಣೆ, ಹೊಗೆಯ ಮಸಿ, ಬೆನ್ನಿನ ಚೀಲದ ಒಂದು ಉಜ್ಜು ಸಾಕು, ಬಣ್ಣದ ಪದರ ಪುಡಿಯಾಗಿ ಉದುರುತ್ತದೆ. ಆದ್ದರಿಂದ ಚೀಲವನ್ನು ಹೊರಗಿಟ್ಟು ಅಥವಾ ಎದೆಗೆ ತಂದುಕೊಂಡು, ಗೋಡೆಯಿಂದ ಒಂದು ಮೊಳ ದೂರ ನಿಂತು, ಕೈಮುಗಿದುಕೊಂಡೇ ನೋಡಬೇಕು. ಕಾಣಿಕೆಗೆ ಹುಂಡಿ ಇರುತ್ತದೆ, ಬೆಣ್ಣೆಯ ದೀಪ ಹಚ್ಚಲು ಗೊತ್ತುಮಾಡಿದ ಜಾಗವಿರುತ್ತದೆ.

ಉಳಿದ ನಡಾವಳಿ ನಮಗೆ ಪರಿಚಿತವೇ. ಪಾದರಕ್ಷೆ, ಟೋಪಿಗಳನ್ನು ಹೊರಗೆ ಬಿಡಬೇಕು. ಪ್ರದಕ್ಷಿಣೆ ಬಲಕ್ಕೇ ಬರಬೇಕು, ಪ್ರಾರ್ಥನಾ ಚಕ್ರಗಳನ್ನೂ ಅದೇ ದಿಕ್ಕಿಗೆ ತಿರುಗಿಸಬೇಕು. ದಾರಿಬದಿಯ ಮಂತ್ರ ಕೆತ್ತಿದ ಮಣಿ ಕಲ್ಲುಗಳನ್ನು ನೆನಪಿಗೆಂದು ಎತ್ತಿಕೊಂಡು ಬರುವುದು ದೊಡ್ಡ ಅಪಚಾರ. ಕುಳಿತಾಗ ಮೂರ್ತಿಯ ಕಡೆಗೆ ಕಾಲು ಚಾಚಬಾರದು. ಕೆಲವು ಗೊಂಪಾಗಳಲ್ಲಿ ರಕ್ಷಕ ದೇವತೆಗಳ ಕೋಣೆಗೆ ಹೆಂಗಸರಿಗೆ ಪ್ರವೇಶವಿರುವುದಿಲ್ಲವಾದ್ದರಿಂದ ಕೇಳಿಕೊಂಡು ಹೋಗುವುದು ಕ್ಷೇಮ. ಬಾಗಿಲಿಗೆ ಬೀಗವಿದ್ದರೆ ಕೂಗಾಡದೆ ಕಾಯಿರಿ. ಬೀಗದ ಕೈ ಇಟ್ಟುಕೊಂಡ ಭಿಕ್ಷು ಹೊಲದಲ್ಲೋ ಅಡುಗೆಮನೆಯಲ್ಲೋ ಇರಬಹುದು.

ತಾಬೊದ ನಂತರ ಧಂಕರ್. ಒಂದು ಕಾಲಕ್ಕೆ ಸ್ಪಿತಿಯ ರಾಜಧಾನಿಯಾಗಿದ್ದ ಈ ಊರಿನ ಹಳೆಯ ಗೊಂಪಾ ಸವೆಯುತ್ತಿರುವ ಕಡಿದಾದ ಬಂಡೆಯ ನೆತ್ತಿಯ ಮೇಲಿದೆ, ಒಮ್ಮೆಗೆ ಕೆಲವರಷ್ಟೇ ಒಳಹೋಗಬೇಕು. ಲಾಲುಂಗ್ ಹಳ್ಳಿಯ ಸೆರ್‌ಖಾಂಗ್ ಎಂಬ ಹಳೆಯ ಗುಡಿ ಚಿಕ್ಕದು, ಜನಸಂದಣಿ ಕಡಿಮೆ, ಅದನ್ನು ಬಿಡಬೇಡಿ. ಸುಮಾರು 4,166 ಮೀಟರ್ ಎತ್ತರದ ಕೀ ಗೊಂಪಾಗೆ ಎಲ್ಲರೂ ಮಧ್ಯಾಹ್ನ ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ನೀವು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ. ಬೆಣ್ಣೆ, ಉಪ್ಪು ಬೆರೆಸಿದ ಚಹಾ ಕೊಟ್ಟರೆ ಬೇಡವೆನ್ನದೆ ಒಂದು ಗುಟುಕಾದರೂ ಕುಡಿಯಿರಿ. ಇಲ್ಲಿನ ಭಿಕ್ಷುಗಳಲ್ಲಿ ಕೆಲವರು ನಮ್ಮ ಮುಂಡಗೋಡ, ಬೈಲಕುಪ್ಪೆಗಳ ಮಹಾವಿಹಾರಗಳಲ್ಲಿ ಓದಿ ಬಂದವರು. ಕರ್ನಾಟಕದಿಂದ ಬಂದಿದ್ದೇವೆ ಎಂದು ಹೇಳಿಕೊಳ್ಳಿ, ಮಾತು ತಾನಾಗಿ ಬೆಳೆಯಬಹುದು.

ಸುಮಾರು 4,500 ಮೀಟರಿಗೂ ಎತ್ತರದಲ್ಲಿರುವ ಕೊಮಿಕ್ ಹಳ್ಳಿಯ ಗೊಂಪಾವನ್ನು ಕೊನೆಗೆ ಇಟ್ಟುಕೊಳ್ಳಿ, ಅಲ್ಲಿ ರಾತ್ರಿ ತಂಗುವ ಬದಲು ಸಂಜೆಗೆ ಕಾಜಾಕ್ಕೆ ಇಳಿದುಬನ್ನಿ. ಕುಂಜುಂ ತೆರೆದಿದ್ದರೆ ಮರಳುವಾಗ ಆ ದಾರಿ ಹಿಡಿಯಬಹುದು, ಅಷ್ಟರಲ್ಲಿ ದೇಹ ಎತ್ತರಕ್ಕೆ ಪಳಗಿರುತ್ತದೆ. ಘಟ್ಟದ ತುದಿಯಲ್ಲಿ ಸ್ತೂಪಗಳೂ ಕುಂಜುಂ ಮಾತೆಯ ಗುಡಿಯೂ ಇವೆ. ಅಲ್ಲಿಗೆ ಬಂದ ವಾಹನದ ಚಾಲಕರು ಗಾಡಿಯನ್ನು ಬಲಕ್ಕೆ ಒಂದು ಸುತ್ತು ತಂದೇ ಮುಂದಕ್ಕೆ ಹೋಗುತ್ತಾರೆ, ಅವರನ್ನು ಅವಸರಪಡಿಸಬೇಡಿ.