ಹಳೇ ಟ್ರ್ಯಾಕ್ಟರ್ ಸ್ಟಾರ್ಟ್ ಆಗ್ತಿಲ್ವಾ? ಮೊದಲು ಕಿವಿ ಕೊಡಿ

ಗೇರ್ ನ್ಯೂಟ್ರಲ್‌ನಲ್ಲಿರಲಿ. ಈಗ ಕೀ ತಿರುಗಿಸಿ. ಏನು ಸದ್ದು ಬಂತು?

ಬರೀ 'ಟಕ್' ಅಂದು ಸುಮ್ಮನಾದರೆ ಬ್ಯಾಟರಿ ಕಡೆ ನೋಡಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಮೀಟರ್‌ನಲ್ಲಿ 12.6ರ ಹತ್ತಿರ ತೋರಿಸಬೇಕು. ಅದು ಸರಿಯಿದ್ದರೆ ಅರ್ಥ್ ವೈರ್ (ಬ್ಯಾಟರಿಯಿಂದ ಗಾಡಿಯ ಲೋಹದ ಮೈಗೆ ಹೋಗುವ ವೈರ್) ಬಿಚ್ಚಿ ನೋಡಿ. ನಾನೊಮ್ಮೆ ಸುಮ್ನೆ ಹೊಸ ಬ್ಯಾಟರಿ ತಂದು ದುಡ್ಡು ಕಳೆದುಕೊಂಡೆ. ತೊಂದರೆ ಇದ್ದದ್ದು ಅರ್ಥ್ ಬೋಲ್ಟಿನ ಕೆಳಗಿನ ತುಕ್ಕಿನಲ್ಲಿ! ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ ಬಿಗಿದೆ, ಅಷ್ಟೇ.

ಇಂಜಿನ್ ಚೆನ್ನಾಗಿ ತಿರುಗುತ್ತಿದ್ದೂ ಹೊತ್ತಿಕೊಳ್ಳದಿದ್ದರೆ ಸೈಲೆನ್ಸರ್ ನೋಡಿ. ಡೀಸೆಲ್ ಗಾಡಿಯಲ್ಲಿ ಹೊಗೆಯೇ ಇಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಇಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ನಾಬ್ ಎಳೆದೇ ಬಿಟ್ಟಿದ್ದೀರಾ? ನಗಬೇಡಿ, ನನಗೂ ಆಗಿದೆ. ಅದಲ್ಲದಿದ್ದರೆ ಡೀಸೆಲ್ ಲೈನಿನಲ್ಲಿ ಸಿಕ್ಕಿಕೊಂಡ ಏರ್ (ಗಾಳಿ) ತೆಗೆಯಬೇಕು. ಡೀಸೆಲ್ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ಸ್ಕ್ರೂ) ಎರಡು ಸುತ್ತು ಸಡಿಲಿಸಿ, ಕೈಪಂಪ್ ಒತ್ತುತ್ತಾ ಇರಿ. ಮೊದಲು ನೊರೆ ಉಕ್ಕುತ್ತದೆ, ಆಮೇಲೆ ಒಂದೊಂದೇ ಗುಳ್ಳೆ. ಗುಳ್ಳೆ ಪೂರ್ತಿ ನಿಂತು ತಿಳಿ ಡೀಸೆಲ್ ಹರಿದಾಗ, ಪಂಪ್ ಒತ್ತುತ್ತಲೇ ಸ್ಕ್ರೂ ಬಿಗಿಯಿರಿ. ಇಂಜಿನ್‌ಗೆ ಡೀಸೆಲ್ ತಳ್ಳುವ ಇಂಜೆಕ್ಷನ್ ಪಂಪ್‌ನ ಬ್ಲೀಡ್ ಸ್ಕ್ರೂಗೂ ಹೀಗೇ ಮಾಡಿ.

ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ಬಿಸಿ ಮಾಡುವ ಹೀಟರ್ ಇದ್ದರೆ ಅದನ್ನು ನೋಡಿ. ಅದೂ ಸರಿಯಿದ್ದರೆ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಿಕೊಳ್ಳುತ್ತದೆ ಎಂಬುದು) ಚೆಕ್ ಮಾಡಿಸಿ.