ಮೊದಲು ಧ್ವನಿ, ಆಮೇಲೆ ಕ್ಯಾಮೆರಾ: ಬದಿಯಡ್ಕದಲ್ಲೇ ಕೂತು ವಿಡಿಯೊ ಸ್ಟೋರಿ ಮಾಡಿದ ಅನುಭವ

ವಿಡಿಯೊ ಸ್ಟೋರಿಗೆ ಹೋದಾಗ ನಾನು ಮೊದಲ ಸಲ ಕ್ಯಾಮೆರಾ ಹೊರಗೆ ತೆಗೆಯುವುದೇ ಇಲ್ಲ. ಒಂದು ಸಣ್ಣ ರೆಕಾರ್ಡರ್, ಒಂದು ಕಾಲರ್ ಮೈಕ್, ಅಷ್ಟೇ. ಮಾತು ಪೂರ್ತಿ ಕೇಳಿ ಬರುತ್ತೇನೆ. ಮನೆಯಲ್ಲಿ ಕೂತು ಕತ್ತರಿಸಿ ಮೂರು ನಿಮಿಷದ ಧ್ವನಿ ಮಾಡುತ್ತೇನೆ. ಆಮೇಲೆ ಇನ್ನೊಂದು ದಿನ ಹೋಗಿ, ಆ ಧ್ವನಿಗೆ ಬೇಕಾದ ಶಾಟ್ ಮಾತ್ರ ತೆಗೆಯುತ್ತೇನೆ.

ಪತ್ರಿಕೋದ್ಯಮ ಕಲಿಯುವಾಗ ಇದನ್ನು ಹೇಳಿದರೆ ಕ್ಲಾಸಿನವರು ನಗುತ್ತಿದ್ದರು. "ಎಂತ ಮಾರಾಯ್ತಿ, ರೇಡಿಯೊ ಸ್ಟೇಷನ್ ಇಡ್ತೀಯಾ?" ಪಾಠ ಮಾಡುತ್ತಿದ್ದ ಸರ್ ಒಬ್ಬರು ಮಾತ್ರ ಸರಿಯಾದ ಪ್ರಶ್ನೆ ಕೇಳಿದ್ದರು: ಎರಡು ಸಲ ಹೋದರೆ ಪೆಟ್ರೋಲು ಡಬಲ್ ಅಲ್ವಾ? ಮನೆಯಲ್ಲಿ ಮಾವನಿಗಂತೂ ಬಿ.ಎಡ್. ಒಂದೇ ದಾರಿ. ಅವರ ಕಣ್ಣಿಗೆ ಫೋನ್ ಹಿಡಿದು ಊರು ಸುತ್ತುವುದು ಕೆಲಸವೇ ಅಲ್ಲ. ಈಗ ಆ ಕ್ಲಾಸಿನವರಲ್ಲೇ ಒಂದಿಬ್ಬರು ಫೋನ್ ಮಾಡಿ "ನೀನು ಹೇಗೆ ಮಾಡ್ತೀ ಅಂತ ಸ್ವಲ್ಪ ಹೇಳು" ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು ತಲೆಗೆ ಹೊಳೆದದ್ದು ಅನಿವಾರ್ಯದಿಂದ. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನಿಗೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ನಾನು ಈಚೆ ಕಾಸರಗೋಡಿನ ಬದಿಯಲ್ಲಿ, ಕಾಲೇಜು ಆಚೆ ಕರ್ನಾಟಕದ ಬದಿಯಲ್ಲಿ. ಅಸೈನ್‌ಮೆಂಟ್ ಮಾತ್ರ ನಿಲ್ಲಲಿಲ್ಲ. ಹೊರಗೆ ಹೋಗುವ ಹಾಗಿಲ್ಲ. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಒದ್ದಾಡುತ್ತಿದ್ದ ಮನೆಗಳವರ ಮಾತನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಜೋಡಿಸಿದೆ. ಚಿತ್ರಗಳು ತಿಂಗಳುಗಳ ಮೇಲೆ ಸಿಕ್ಕಿದವು. ಧ್ವನಿ ಮೊದಲೇ ಗಟ್ಟಿಯಾಗಿ ನಿಂತದ್ದರಿಂದ, ಯಾವ ಚಿತ್ರ ಬೇಕು, ಯಾವುದು ಬೇಡ ಎನ್ನುವುದು ಗೊತ್ತಿತ್ತು.

ಕೋರ್ಸ್ ಮುಗಿಸಿ ಬಂದ ಮೇಲೆ ಎಲ್ಲರ ಹಾಗೆ ಮಾಡಲು ಹೋದೆ. ಸೆಕೆಂಡ್ ಹ್ಯಾಂಡ್ ಫೋನಿಗೆ ಹನ್ನೊಂದು ಸಾವಿರವೋ ಏನೋ ಕೊಟ್ಟೆ. ಟ್ರೈಪಾಡ್, ಲೈಟ್, ಫೋನ್ ಅಲುಗದಂತೆ ಹಿಡಿಯುವ ಗಿಂಬಲ್ ಎಲ್ಲ ಸೇರಿ ಇನ್ನೊಂದು ಹತ್ತು ಸಾವಿರ. ಗಿಂಬಲ್ ಆರು ತಿಂಗಳಲ್ಲಿ ಮೂಲೆ ಸೇರಿತು. ತೋಟದ ತೇವಕ್ಕೆ ಅದರ ಮೋಟಾರು ನಡುಗಲು ಶುರುವಾಗಿತ್ತು. ಕ್ಯಾಮೆರಾ ಎದುರು ಕೂರಿಸಿ ಮಾತಾಡಿಸಿದ ಸ್ಟೋರಿಗಳಲ್ಲಿ ಅರ್ಧಕ್ಕರ್ಧ ಕೆಟ್ಟವು. ಕೆಡಿಸಿದ್ದು ಮುಖ್ಯವಾಗಿ ಎರಡು.

ಒಂದು ಸಿಂಕ್, ಅಂದರೆ ಚಿತ್ರಕ್ಕೂ ಧ್ವನಿಗೂ ಹೊಂದಿಕೆ. ಫೋನಿನ ವಿಡಿಯೊ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎನ್ನುವುದು) ಒಂದೇ ಸಮ ಇರುವುದಿಲ್ಲ. ಹೊರಗಿನ ರೆಕಾರ್ಡರಿನ ಧ್ವನಿಯನ್ನು ಶುರುವಿನಲ್ಲಿ ಚಪ್ಪಾಳೆಗೆ ಹೊಂದಿಸಿದರೂ ಹತ್ತು ನಿಮಿಷದ ಹೊತ್ತಿಗೆ ತುಟಿಯೇ ಬೇರೆ, ಮಾತೇ ಬೇರೆ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಕನ್ವರ್ಟರ್‌ಗೆ ಹಾಕಿ ಅದನ್ನು ಒಂದೇ ಸಮ ಮಾಡಬಹುದು. ಆದರೆ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಇಂಟರ್‌ವ್ಯೂ ಕನ್ವರ್ಟ್ ಆಗುವಷ್ಟರಲ್ಲಿ ಕರೆಂಟೇ ಹೋಗುತ್ತಿತ್ತು. ಧ್ವನಿ ಮೊದಲು ಮಾಡಿದರೆ ಈ ತಲೆಬಿಸಿ ಇಲ್ಲ. ತುಟಿ ತೋರಿಸುವುದೇ ಇಲ್ಲವಲ್ಲ!

ಎರಡನೆಯದು ಇನ್ನೂ ದೊಡ್ಡದು. ನಮ್ಮವರು ಕ್ಯಾಮೆರಾ ಕಂಡರೆ ಭಾಷಣ ಮಾಡುತ್ತಾರೆ. ಬಾಯಾರು ಕಡೆ ಸುರಂಗ, ಅಂದರೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆಯುವ ಬಾವಿ, ತೋಡುತ್ತಿದ್ದ ಒಬ್ಬ ಅಜ್ಜನನ್ನು ಕೂರಿಸಿದ್ದೆ. ಲೆನ್ಸ್ ನೋಡಿದ್ದೇ ತಡ, "ಸುರಂಗವು ನಮ್ಮ ಹಿರಿಯರ ಮಹತ್ತರ ಕೊಡುಗೆಯಾಗಿದೆ" ಎಂದು ಶುರು. ಇಪ್ಪತ್ತು ನಿಮಿಷ ಹೀಗೇ. ಒಂದು ಸೆಕೆಂಡೂ ಬಳಸಲು ಬರಲಿಲ್ಲ. ಮುಂದಿನ ಸಲ ಬರೀ ರೆಕಾರ್ಡರ್ ಹಿಡಿದು ಹೋದೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ಅರ್ಧ ತುಳು, ಅರ್ಧ ಕನ್ನಡ. ಮುರಕಲ್ಲಿನ ಗುಡ್ಡದೊಳಗೆ ಪಿಕ್ಕಾಸು ಹಿಡಿದು ಹೇಗೆ ಹೋಗುತ್ತಿದ್ದರು, ಜೊತೆಗೆ ಕ್ಯಾಂಡಲ್ ಯಾಕೆ, ಅದು ನಂದಿದರೆ ಗಾಳಿ ಇಲ್ಲವೆಂದು ತಿಳಿದು ಹೇಗೆ ಹಿಂದೆ ಓಡಿ ಬರುತ್ತಿದ್ದರು, ಎಲ್ಲ ಹೇಳಿದರು. ಕ್ಯಾಂಡಲ್ ನಂದಿದ ಒಂದು ದಿನದ ಕಥೆಯಂತೂ ನಾಲ್ಕು ನಿಮಿಷ ಒಂದೇ ಉಸಿರಿನಲ್ಲಿ ಬಂತು. ಹಿಂದೆ ಅಡಿಕೆ ಸಿಪ್ಪೆ ಹರಿಯುವ ಸದ್ದು. ಅದನ್ನು ತೆಗೆಯಲಿಲ್ಲ, ಅದೇ ಚಂದ.

ಕೇಳಿದ ಮೇಲೆ ಶಾಟ್ ಪಟ್ಟಿ ತಾನೇ ಆಯಿತು: ಕ್ಯಾಂಡಲ್, ಪಿಕ್ಕಾಸಿನ ಗುರುತು ಉಳಿದ ಗೋಡೆ, ಸುರಂಗದಿಂದ ಕೆರೆಗೆ ಬೀಳುವ ನೀರು, ಅಜ್ಜನ ಕೈ. ಒಂದು ಬೆಳಗ್ಗೆ ಸಾಕಾಯಿತು.

ಒಳಗೆ ಶೂಟ್ ಮಾಡುವವರಿಗೆ ಒಂದು ಮಾತು. ಫೋನಿನ ಫ್ಲ್ಯಾಶ್ ಹಾಕಬೇಡಿ, ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಹೆಡ್‌ಲ್ಯಾಂಪನ್ನು ಗೋಡೆಗೆ ಒತ್ತಿ ಅಡ್ಡ ಬೆಳಕು ಬಿಟ್ಟರೆ ಪಿಕ್ಕಾಸಿನ ಗೀರುಗಳು ಎದ್ದು ಕಾಣುತ್ತವೆ. ಫೋಕಸ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎರಡೂ ಲಾಕ್ ಮಾಡಿ. ಬಾವಲಿ ಇರುತ್ತದೆ, ಹೆದರಬೇಡಿ. ಹೊರಗೆ ಬಂದು ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ತೆಗೆಯುವುದಿದ್ದರೆ ಶಟರ್ 1/50, ಫ್ರೇಮ್ ರೇಟ್ 25. ನಮ್ಮ ಕರೆಂಟು 50 ಹರ್ಟ್ಸ್ ಆದ ಕಾರಣ ಆಗ ಮಿಣುಕುವುದಿಲ್ಲ.

ಪೆಟ್ರೋಲಿನ ಲೆಕ್ಕಕ್ಕೆ ಬರುತ್ತೇನೆ. ಎರಡು ಸಲ ಹೋದರೆ ಇನ್ನೂರೋ ಇನ್ನೂರೈವತ್ತೋ ಜಾಸ್ತಿ, ನಿಜ. ಆದರೆ ಒಂದು ಗಂಟೆಯ ಮೋನೋ ವೇವ್ ಧ್ವನಿ ಫೈಲ್ ಮುನ್ನೂರೈವತ್ತು ಎಂಬಿ ಹತ್ತಿರ. 4ಕೆ ವಿಡಿಯೊ ಒಂದೇ ನಿಮಿಷಕ್ಕೆ ಸುಮಾರು ಅಷ್ಟು ತಿನ್ನುತ್ತದೆ. ಹಾರ್ಡ್ ಡಿಸ್ಕ್ ಖರ್ಚು ಇಳಿಯಿತು. ಮೊದಲು ಒಂದು ಸ್ಟೋರಿ ಎಡಿಟ್ ಮಾಡಲು ವಾರ ಹಿಡಿಯುತ್ತಿದ್ದದ್ದು ಈಗ ಎರಡು ದಿನ. ಮಳೆಗಾಲದಲ್ಲಿ ಬೇರೆಯವರ ಕ್ಯಾಮೆರಾ ಚೀಲದೊಳಗೆ ಇರುವಾಗ ನಾನು ಜಗಲಿಯಲ್ಲಿ ಕೂತು ಮಾತು ಸೇರಿಸುತ್ತೇನೆ. ಅಡಿಕೆಗೆ ಮದ್ದು ಬಿಡುವವರು ಮಳೆ ಬಿಡುವುದನ್ನು ಕಾಯುತ್ತಾ ಸುಮ್ನೆ ಕೂತಿರುತ್ತಾರಲ್ಲ, ಕೊಳೆರೋಗದ ಕಥೆ ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅವರು ಮರ ಹತ್ತುವ ಶಾಟ್ ಬಿಸಿಲು ಬಂದ ದಿನ. ಹಂಚಿನ ಮಾಡಿನ ಕೆಳಗೆ ಮಾತ್ರ ರೆಕಾರ್ಡ್ ಮಾಡಿ. ತಗಡಿನ ಶೀಟಿನ ಕೆಳಗೆ ಮಳೆ ಬಂದರೆ ಯಾವ ನಾಯ್ಸ್ ರಿಡಕ್ಷನ್‌ಗೂ ಬಗ್ಗುವುದಿಲ್ಲ.

ನಡುವೆ ಯಕ್ಷಗಾನದ ಮೇಲೂ ಪ್ರಯೋಗ ಮಾಡಿದೆ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಇಲ್ಲಿದ್ದು ಅದನ್ನು ಬಿಟ್ಟರೆ ಹೇಗೆ? ಚೆಂಡೆ ಮೊದಲ ಪೆಟ್ಟಿಗೇ ಮೀಟರನ್ನು ಕೆಂಪು ಮಾಡಿತು. ಆ ರಾತ್ರಿಯ ರೆಕಾರ್ಡಿಂಗ್ ಪೂರ್ತಿ ಹರಕು. ಗೇನ್, ಅಂದರೆ ಮೈಕಿನ ಮಟ್ಟ, ತುಂಬಾ ಇಳಿಸಿದರೆ ಭಾಗವತರು ಕೇಳಿಸುವುದಿಲ್ಲ. ಕೊನೆಗೆ ಒಂದು ರೆಕಾರ್ಡರ್ ವೇಷ ಕಟ್ಟುವ ಚೌಕಿಯಲ್ಲಿ ಇಟ್ಟೆ. ಬಣ್ಣ ಹಚ್ಚುವವರ ಮಾತು ಎದುರಿಗೆ, ಚೆಂಡೆ ದೂರದಿಂದ. ಅದೇ ಸ್ಟೋರಿ ಆಯಿತು. ಎರಡನೇ ರೆಕಾರ್ಡರ್ ಎಲ್ಲಿಟ್ಟೆ ಎನ್ನುವುದನ್ನು ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಸಬ್‌ಟೈಟಲ್ ಬಗ್ಗೆ ಚುಟುಕಾಗಿ. ನಮ್ಮ ಜಿಲ್ಲೆಯಲ್ಲಿ ಒಂದು ಭಾಷೆಗೆ ಮಾಡಿದರೆ ಅರ್ಧ ಊರನ್ನು ಬಿಟ್ಟ ಹಾಗೆ. ಧ್ವನಿ ತುಳು ಇರಲಿ, ಬ್ಯಾರಿ ಇರಲಿ, ಕನ್ನಡ ಮತ್ತು ಮಲಯಾಳಂ ಎರಡರಲ್ಲೂ ಎಸ್ಆರ್‌ಟಿ (ಸಬ್‌ಟೈಟಲ್ ಫೈಲ್) ಮಾಡುತ್ತೇನೆ. ಮಲಯಾಳಂ ನೋಡಿಕೊಡುವುದು ಪಕ್ಕದ ಮನೆಯ ಚೇಚಿ, ಒಂದು ಸ್ಟೋರಿಗೆ ಇನ್ನೂರು ರೂಪಾಯಿ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತಿದ್ದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್ ಮಾಡಿ, ಮತ್ತೆ ಓಪನ್ ಮಾಡಿ. ಟೈಟಲ್ ಕಾರ್ಡನ್ನು ನಾನು ಇಂಕ್‌ಸ್ಕೇಪ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡಿ ಪಿಎನ್‌ಜಿಯಾಗಿ ಹಾಕುತ್ತೇನೆ. ಅಲ್ಲಿ ಅಕ್ಷರ ಕೆಡುವುದಿಲ್ಲ.

ಈಗ ಸಂಪಾದನೆ. ಮೊದಲ ವರ್ಷ ತಿಂಗಳಿಗೆ ನಾಲ್ಕೈದು ಸಾವಿರ ಬಂದರೆ ಹಬ್ಬ. ಒಂದು ಪೋರ್ಟಲ್‌ನವರು ನನ್ನ ಮೂರು ಸ್ಟೋರಿ ಹಾಕಿ ಇವತ್ತಿಗೂ ದುಡ್ಡು ಕೊಟ್ಟಿಲ್ಲ. ಈಗ ಸರಾಸರಿ ಇಪ್ಪತ್ತೆಂಟು, ಮೂವತ್ತು ಸಾವಿರ. ಅಡಿಕೆ ಕೊಯ್ಲು, ಯಕ್ಷಗಾನದ ಸೀಸನ್ನಿನಲ್ಲಿ ಸ್ವಲ್ಪ ಜಾಸ್ತಿ. ಒಂದೇ ವಿಷಯ ಮೂರು ಕಡೆ ಹೋಗುತ್ತದೆ. ಬರಹ ಮತ್ತು ಫೋಟೊ ಮಂಗಳೂರಿನಿಂದ ಬರುವ ಪತ್ರಿಕೆಯ ಪುಟಕ್ಕೆ, ವಿಡಿಯೊ ಕನ್ನಡದ ಒಂದು ಸೈಟಿಗೆ, ಮಲಯಾಳಂ ಸಬ್‌ಟೈಟಲ್ ಹಾಕಿದ್ದು ಗಡಿಯ ಈಚೆಯವರಿಗೆ. ಮೂವರಿಗೂ ಮೊದಲೇ ಹೇಳಿಯೇ ಕೊಡುತ್ತೇನೆ. ರೇಟು ಹೇಗೆ ಬೇರೆ ಬೇರೆ ಕೂರಿಸುತ್ತೇನೆ ಎಂದು ಕೇಳಬೇಡಿ.

ಆ ಸರ್ ಕೇಳಿದ ಪೆಟ್ರೋಲನ್ನೂ ಈಗ ನಾನು ಕೈಯಿಂದ ಹಾಕುವುದಿಲ್ಲ. ಧ್ವನಿ ಕತ್ತರಿಸಿದ ಮೇಲೆ ಅದರಲ್ಲಿ ನಲವತ್ತು ಸೆಕೆಂಡು ತೆಗೆದು ಎಡಿಟರ್‌ಗೆ ವಾಟ್ಸಾಪ್ ಮಾಡುತ್ತೇನೆ. ಚಿತ್ರವಿಲ್ಲ, ಬರೀ ದನಿ. "ಮುಂದೆ ಎಂತಾಯ್ತು?" ಎಂದು ಮೆಸೇಜ್ ಬಂದರೆ ಅರ್ಧ ದುಡ್ಡು ಮುಂಗಡ ಕೇಳುತ್ತೇನೆ. ಅದು ಜೀಪೇಯಲ್ಲಿ ಬಂದು ಬಿದ್ದ ಮೇಲೆಯೇ ಟ್ರೈಪಾಡ್ ಬೈಕಿಗೆ ಕಟ್ಟುವುದು.