ಕಪ್ ಬಿಡಿ, ಡ್ರಾ ಹುಡುಕಿ: ಸಣ್ಣ ಕಾಲೇಜುಗಳ ಬಾಸ್ಕೆಟ್‌ಬಾಲ್ ಟೂರ್ನಿಯ ಚರಿತ್ರೆ ಬರೆಯುವುದು ಹೇಗೆ

ನಾನು ನಿವೃತ್ತನಾದ ವರ್ಷ ಕಾಲೇಜಿನ ಸ್ಮರಣ ಸಂಚಿಕೆಗೆ ನಮ್ಮ ಬಾಸ್ಕೆಟ್‌ಬಾಲ್ ತಂಡದ ಚರಿತ್ರೆ ಬರೆದುಕೊಟ್ಟೆ. ಎರಡೇ ಪುಟ. ‘2001 ಮತ್ತು 2002ರಲ್ಲಿ ಸತತ ಎರಡು ಸಲ ಚಾಂಪಿಯನ್’ ಎಂದು ಹೆಮ್ಮೆಯಿಂದ ಹಾಕಿದ್ದೆ. ಪುಸ್ತಕ ಹಂಚಿದ ದಿನವೇ ಆ ತಂಡದ ಹಳೇ ಹುಡುಗನೊಬ್ಬ ಫೋನ್ ಮಾಡಿದ. ‘ಸರ, ನಾವು ಗೆದ್ದಿದ್ದು ಒಂದ ಸಲರಿ. ಎರಡನೇದು ಯಾವಾಗ ಗೆದ್ವಿ?’

ಕಪ್ಪಿನ ಮೇಲೆ ಕೆತ್ತಿದ್ದು ‘2001–02’. ಅದು ಶೈಕ್ಷಣಿಕ ವರ್ಷ. ಒಂದು ವಾರ್ಷಿಕ ವರದಿಯಲ್ಲಿ 2001 ಅಂತ ಇತ್ತು, ಇನ್ನೊಂದರಲ್ಲಿ 2002 ಅಂತ. ಒಂದೇ ಕಪ್ಪನ್ನು ನಾನು ಎರಡು ಸಲ ಗೆಲ್ಲಿಸಿದ್ದೆ. ಆ ಫೈನಲ್ ದಿನ ಕೋರ್ಟಿನ ಬದಿಯಲ್ಲಿ ನಿಂತು ಗಂಟಲು ಹರಿದುಕೊಂಡ ಫಿಜಿಕಲ್ ಡೈರೆಕ್ಟರ್ ಬೇರೆ ಯಾರೂ ಅಲ್ಲ, ನಾನೇ! ನನ್ನ ನೆನಪೇ ಹೀಗಾದರೆ ಉಳಿದವರ ಗತಿ ಏನು?

ಆಮೇಲೆ ನಾಲ್ಕು ವರ್ಷ ಗದಗ, ಹುಬ್ಬಳ್ಳಿ, ಧಾರವಾಡ, ಹಾವೇರಿ ಸುತ್ತಿ, ಕಪಾಟಿನ ಧೂಳು ಕುಡಿದು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಕಾಲೇಜಿನ ಚರಿತ್ರೆ ಬರೆಯಲು ಹೊರಟಿದ್ದರೆ ನಾನು ಬಿದ್ದ ಗುಂಡಿಗೆ ನೀವು ಬೀಳಬೇಡಿ.

ಎಲ್ಲರೂ ಮಾಡುವ ತಪ್ಪು ಒಂದೇ. ಯಾರು ಗೆದ್ದರು ಅಂತ ಪಟ್ಟಿ ಮಾಡಲು ಕೂರುತ್ತಾರೆ. ಸಣ್ಣ ಕಾಲೇಜುಗಳ ಮಟ್ಟಿಗೆ ಆ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ಮೊದಲು ಡ್ರಾ ಹುಡುಕಿ, ಅಂದರೆ ಯಾರ ಎದುರು ಯಾರು ಆಡಬೇಕು ಅಂತ ಬರೆದ ಪಟ್ಟಿ. ಫುಲ್‌ಸ್ಕೇಪ್ ಹಾಳೆ, ಎಡಗಡೆ ಕಾಲೇಜುಗಳ ಹೆಸರು, ಬಲಕ್ಕೆ ಕೂಡುತ್ತಾ ಹೋಗುವ ಗೆರೆಗಳು, ಅಲ್ಲಲ್ಲಿ ಆಡದೆಯೇ ಮುಂದಿನ ಸುತ್ತಿಗೆ ಹೋದವರ ‘ಬೈ’, ಎದುರಾಳಿ ಬಾರದ ಕಡೆ ಪೆನ್ಸಿಲ್‌ನಲ್ಲಿ ಗೀಚಿದ ‘ವಾಕ್‌ಓವರ್’. ಯಾರು ಬಂದಿದ್ದರು, ಯಾರು ಬರಲಿಲ್ಲ, ಯಾರನ್ನು ಕರೆಯಲೇ ಇಲ್ಲ ಅನ್ನುವುದೆಲ್ಲ ಅದರಲ್ಲಿದೆ.

ಇದನ್ನು ನನಗೆ ಮನದಟ್ಟು ಮಾಡಿದ್ದು ಅಮೆರಿಕದ ಒಂದು ಕಥೆ. 1891ರ ಡಿಸೆಂಬರ್‌ನಲ್ಲಿ ಈ ಆಟ ಹುಟ್ಟಿಸಿದ ಜೇಮ್ಸ್ ನೈಸ್ಮಿತ್ ಮುದುಕರಾದ ಮೇಲೆ, 1937ರಲ್ಲಿ, ಕ್ಯಾನ್ಸಸ್ ಸಿಟಿಯಲ್ಲಿ ಸಣ್ಣ ಕಾಲೇಜುಗಳಿಗಾಗಿ ಒಂದು ಟೂರ್ನಿ ಶುರುವಾಗಲು ಕೈಜೋಡಿಸಿದರು. ಮೊದಲ ವರ್ಷ 8 ತಂಡ, ಮರುವರ್ಷವೇ 32. ಇವತ್ತು ಟಿವಿಯಲ್ಲಿ ಕಾಣುವ, ಅಲ್ಲಿಯ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಡೆಸುವ ಟೂರ್ನಿ ಶುರುವಾದದ್ದು 1939ರಲ್ಲಿ. ಅಂದರೆ ಸಣ್ಣವರ ಟೂರ್ನಿಯೇ ಎರಡು ವರ್ಷ ಹಿರಿದು! ಎನ್‌ಸಿಎಎ ಸಣ್ಣ ಕಾಲೇಜುಗಳಿಗೆ ಬೇರೆ ಟೂರ್ನಿ ಮಾಡಿ, ಪ್ರಾದೇಶಿಕ ಸುತ್ತು ಆಡಿಸಿದ್ದು 1957ರಲ್ಲಿ. ಇನ್ನೂ ಸಣ್ಣವರ ಮೂರನೇ ಡಿವಿಜನ್ನಿಗೆ ಟೂರ್ನಿ ಬಂದದ್ದು 1975ರಲ್ಲಿ.

ಇದರಲ್ಲಿ ನನಗೆ ಬೇಕಾದದ್ದು 1948. ಕ್ಯಾನ್ಸಸ್ ಸಿಟಿಯ ಆ ಟೂರ್ನಿಯಲ್ಲಿ ಕಪ್ಪು ಆಟಗಾರರಿಗೆ ಪ್ರವೇಶ ಇರಲಿಲ್ಲ. 1947ರಲ್ಲಿ ಇಂಡಿಯಾನಾ ಸ್ಟೇಟ್ ಕಾಲೇಜಿಗೆ ಆಹ್ವಾನ ಬಂದಾಗ ಅದರ ಕೋಚ್ ಜಾನ್ ವುಡನ್ ಒಲ್ಲೆ ಎಂದರು. ತಂಡದ ಕ್ಲಾರೆನ್ಸ್ ವಾಕರ್ ಅನ್ನುವ ಕಪ್ಪು ಹುಡುಗನನ್ನು ಬಿಟ್ಟು ಹೋಗಬೇಕಿತ್ತು, ಅದಕ್ಕೆ. ಮರುವರ್ಷ ನಿಯಮ ತೆಗೆದರು, ವಾಕರ್ ಆಡಿದ. ಫೈನಲ್‌ನಲ್ಲಿ ಇಂಡಿಯಾನಾ ಸ್ಟೇಟ್ ಲೂಯಿವಿಲ್ ಎದುರು ಸೋತಿತು. ಚಾಂಪಿಯನ್ನರ ಪಟ್ಟಿ ನೋಡಿದರೆ 1948ರ ಮುಂದೆ ‘ಲೂಯಿವಿಲ್’ ಅಂತ ಒಂದೇ ಪದ. ಆ ವರ್ಷದ ನಿಜವಾದ ಸುದ್ದಿ ಸೋತ ತಂಡದ ಬೆಂಚಿನಲ್ಲಿ ಕೂತಿತ್ತು.

ಈಗ ನಮ್ಮ ಕಡೆಗೆ ಬರೋಣ. ಇಲ್ಲಿ ಟೂರ್ನಿ ನಡೆಯುವುದು ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ನಡುವೆ. ಡ್ರಾ ಸಿಗುವ ಮುಂಚೆಯೇ ಗೋಡೆಗೆ ಒಂದು ಹಾಳೆ ಅಂಟಿಸಿ, ವಿಶ್ವವಿದ್ಯಾಲಯದ ಗಡಿ ಯಾವಾಗ ಯಾವಾಗ ಬದಲಾಯಿತು ಅಂತ ಬರೆದುಕೊಳ್ಳಿ. ಕರ್ನಾಟಕ ವಿಶ್ವವಿದ್ಯಾಲಯ ಶುರುವಾದದ್ದು 1949ರಲ್ಲಿ ಮುಂಬಯಿಯಲ್ಲಿ, ಧಾರವಾಡಕ್ಕೆ ಬಂದದ್ದು 1950ರಲ್ಲಿ. ಅದಕ್ಕೂ ಮುಂಚೆ ಇಲ್ಲಿಯ ಕಾಲೇಜುಗಳು ಮುಂಬಯಿ ವಿಶ್ವವಿದ್ಯಾಲಯದವು. 1917ರಿಂದ ಇರುವ ಕರ್ನಾಟಕ ಕಾಲೇಜಿನ ಹಳೆಯ ಆಟದ ಸುದ್ದಿಯನ್ನು ಧಾರವಾಡದ ವಿಶ್ವವಿದ್ಯಾಲಯದ ಕಡತದಲ್ಲಿ ಹುಡುಕಿದರೆ ಸಿಗುವುದಿಲ್ಲ. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬೇರೆಯಾಯಿತು. 1986ರಲ್ಲಿ ಧಾರವಾಡದಲ್ಲೇ ಕೃಷಿ ವಿಶ್ವವಿದ್ಯಾಲಯ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಬಂದು ಮೆಡಿಕಲ್‌ನವರು ಹೋದರು. 1998ರಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಬಂದು ಇಂಜಿನಿಯರಿಂಗ್‌ನವರು ಹೋದರು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಿ ಬೆಳಗಾವಿ ಕಡೆಯವರು ಹೋದರು. ಇತ್ತೀಚೆಗೆ ಹಾವೇರಿಗೂ ಒಂದು ವಿಶ್ವವಿದ್ಯಾಲಯವಾಯಿತು.

ಈ ಹಾಳೆಯನ್ನು ಡ್ರಾಗಳ ಪಕ್ಕ ಇಟ್ಟು ನೋಡಿದಾಗ ನನ್ನ ಹೆಮ್ಮೆ ಸ್ವಲ್ಪ ಇಳಿಯಿತು ಅನ್ನಿ. ನಮ್ಮನ್ನು ಪ್ರತಿ ವರ್ಷ ಮೊದಲ ಸುತ್ತಿನಲ್ಲೋ ಎರಡನೇ ಸುತ್ತಿನಲ್ಲೋ ಮನೆಗೆ ಕಳಿಸುತ್ತಿದ್ದವರು ಇಂಜಿನಿಯರಿಂಗ್ ಹುಡುಗರು. ಎತ್ತರದವರು, ಊರೂರಿಂದ ಬಂದವರು, ಸಿಮೆಂಟ್ ಕೋರ್ಟಿನಲ್ಲಿ ಆಡಿ ಬೆಳೆದವರು. ನಾವು ಗೆದ್ದ ವರ್ಷದ ಡ್ರಾದಲ್ಲಿ ಅವರು ಇರಲೇ ಇಲ್ಲ. ಇದನ್ನು ಬರೆಯಬೇಕಾ ಬೇಡವಾ ಅಂತ ಎರಡು ದಿನ ಯೋಚಿಸಿದೆ. ಬರೆದೆ. ಹುಡುಗರು ಚೆನ್ನಾಗಿಯೇ ಆಡಿದ್ದರು, ಅದನ್ನೂ ಬರೆದೆ.

ಇನ್ನು ಕಾಗದ ಎಲ್ಲಿ ಸಿಗುತ್ತದೆ? ಕ್ರೀಡಾ ಕೊಠಡಿಯ ಕಬ್ಬಿಣದ ಕಪಾಟು ಎಲ್ಲರಿಗೂ ಹೊಳೆಯುತ್ತದೆ. ಅಲ್ಲಿ ಜಾಸ್ತಿ ಸಿಗುವುದು ಗಾಳಿ ಹೋದ ಚೆಂಡು, ಹರಿದ ನೆಟ್. ಒಂದು ಕಾಲೇಜಿನಲ್ಲಿ ಸುಣ್ಣ ಬಣ್ಣ ಮಾಡಿಸುವಾಗ ಹಳೇ ಫೈಲ್‌ಗಳನ್ನೆಲ್ಲ ರದ್ದಿಗೆ ಹಾಕಿದ್ದರು. ಅದಕ್ಕೇ ನೀವು ಸೀದಾ ಆಫೀಸಿಗೆ ಹೋಗಿ, ಅಕೌಂಟ್ಸ್ ನೋಡುವ ಕ್ಲಾರ್ಕ್ ಹತ್ತಿರ ವೋಚರ್ ಫೈಲ್ ಕೇಳಿ. ಆಟದ ದಾಖಲೆಯನ್ನು ಯಾರೂ ಕಾಯುವುದಿಲ್ಲ, ದುಡ್ಡಿನ ದಾಖಲೆಯನ್ನು ಆಡಿಟ್ ಹೆದರಿಕೆಗೆ ಕಾಯುತ್ತಾರೆ. ಟಿಎ–ಡಿಎ, ಅಂದರೆ ಪ್ರಯಾಣ ಮತ್ತು ದಿನಭತ್ಯೆಯ ಬಿಲ್ಲಿನಲ್ಲಿ ಹುಡುಗರ ಹೆಸರು, ಸಹಿ, ಹೋದ ದಿನ, ಬಂದ ದಿನ ಎಲ್ಲ ಇರುತ್ತದೆ. ಒಂದೇ ದಿನದ ಊಟದ ಭತ್ಯೆ ಇದ್ದರೆ ಮೊದಲ ಪಂದ್ಯದಲ್ಲೇ ಸೋತು ಬಂದರು ಅಂತ ಲೆಕ್ಕ. ಮೂರು ದಿನದ್ದು ಇದ್ದರೆ ಸೆಮಿಫೈನಲ್ಲೋ ಫೈನಲ್ಲೋ ಆಡಿದ್ದಾರೆ, ಖುಷಿಪಡಿ.

ಎರಡನೆಯದು ಕಾಲೇಜಿನ ವಾರ್ಷಿಕ ಸಂಚಿಕೆ, ನಮ್ಮ ಕಡೆ ಮಿಸಲೇನಿ ಅನ್ನುತ್ತೇವಲ್ಲ, ಅದು. ಗ್ರೂಪ್ ಫೋಟೋ, ಕೆಳಗೆ ‘ನಿಂತವರು ಎಡದಿಂದ ಬಲಕ್ಕೆ’. ಮೂರನೆಯದು ಹಳೆಯ ಪತ್ರಿಕೆ. ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕದಲ್ಲಿ ಊರ ಕಡೆಯ ಕ್ರೀಡಾ ಸುದ್ದಿ ಎರಡು ಇಂಚಿನಷ್ಟಾದರೂ ಬರುತ್ತಿತ್ತು. ‘ಏಕವಲಯ’ (ವಲಯ ಮಾಡದೆ ಎಲ್ಲ ಕಾಲೇಜಿಗೂ ಒಂದೇ ಟೂರ್ನಿ), ‘ಅಂತರ ಕಾಲೇಜು’ ಅನ್ನುವ ಪದಗಳ ಮೇಲೆ ಕಣ್ಣಿಟ್ಟು ಪುಟ ತಿರುವಿ. ಆಟದ ಪುಟದಲ್ಲೇ ಇರುತ್ತದೆ ಅನ್ನಬೇಡಿ, ಸಭೆ ಸಮಾರಂಭಗಳ ನಡುವೆಯೂ ಅಡಗಿರುತ್ತದೆ.

ತಾರೀಖಿಲ್ಲದ ಕಾಗದ ಸಿಕ್ಕಾಗ ಶುರುವಾಗುತ್ತದೆ ನೋಡಿ ಮಜಾ. ನನಗೆ ಒಂದು ಸ್ಕೋರ್‌ಶೀಟ್ ಸಿಕ್ಕಿತು, ಹಳದಿ ಹಿಡಿದದ್ದು, ಒಂದು ಮೂಲೆ ಇಲಿ ತಿಂದದ್ದು. ತಾರೀಖು ಆ ಮೂಲೆಯಲ್ಲೇ ಇತ್ತು! ಸ್ಕೋರನ್ನು ಎರಡು ಅರ್ಧಗಳಲ್ಲಿ ಬರೆದಿದ್ದರು. ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್ ಬಂದದ್ದು 2000ದಲ್ಲಿ, ಅದಕ್ಕೂ ಮುಂಚೆ ಇಪ್ಪತ್ತರ ಎರಡು ಅರ್ಧ. ಒಬ್ಬನ ಹೆಸರಿನ ಮುಂದೆ ಮೂರು ಪಾಯಿಂಟಿನ ಗುರುತೂ ಇತ್ತು. ಅಂತರರಾಷ್ಟ್ರೀಯ ನಿಯಮದಲ್ಲಿ ಮೂರು ಪಾಯಿಂಟಿನ ಗೆರೆ ಬಂದದ್ದು 1984ರಲ್ಲಿ. ಹಾಗಾದರೆ ಹಾಳೆ 1984ರ ನಂತರದ್ದು, ಅಷ್ಟು ಖಚಿತ. ಆದರೆ 2000ಕ್ಕೂ ಮುಂಚಿನದು ಅಂತ ಗಟ್ಟಿಯಾಗಿ ಹೇಳಬೇಡಿ. ಹೊಸ ನಿಯಮ ನಮ್ಮ ಕೋರ್ಟಿಗೆ ತಡವಾಗಿಯೇ ಬರುತ್ತಿತ್ತು. ಹೊಸದು ಕಂಡರೆ ಇಂಥ ವರ್ಷದ ನಂತರದ್ದು ಅನ್ನಬಹುದು, ಹಳೆಯದು ಕಂಡರೆ ಏನೂ ಅನ್ನಲಾಗದು.

ಆಮೇಲೆ ಹಾಳೆಯ ತಲೆಬರಹ ನೋಡಿದೆ. ಗದಗದ ಕಾಲೇಜಿನ ಹೆಸರಿನ ಕೆಳಗೆ ‘ಜಿಲ್ಲೆ: ಧಾರವಾಡ’ ಅಂತ ಅಚ್ಚಾಗಿತ್ತು. ಗದಗ, ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇದೂ ಪೂರ್ತಿ ನಂಬುವಂಥದ್ದಲ್ಲ, ಹಳೇ ಲೆಟರ್‌ಹೆಡ್ ಖಾಲಿಯಾಗುವವರೆಗೆ ಯಾವ ಕಾಲೇಜೂ ಹೊಸದು ಅಚ್ಚು ಹಾಕಿಸುವುದಿಲ್ಲ. ಆದರೂ ಎರಡೂ ಸುಳಿವು ಸೇರಿದಾಗ ಹುಡುಕುವ ಜಾಗ ಸಣ್ಣದಾಯಿತು. ಉಳಿದ ಕೆಲಸ ವೋಚರ್ ಫೈಲ್ ಮಾಡಿತು. ಇದೇ ರೀತಿ ‘ಮೈಸೂರು ರಾಜ್ಯ’ ಅಂತ ಅಚ್ಚಾಗಿದ್ದರೆ ಅದು 1973ರ ನವೆಂಬರ್‌ಗಿಂತ ಹಿಂದೆ ಅಚ್ಚಾದ ಹಾಳೆ. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಫೋಟೋದಲ್ಲಿ ಜರ್ಸಿ ನಂಬರ್ 4ರಿಂದ 15ರ ಒಳಗೇ ಇದ್ದರೆ ಗಾಬರಿಯಾಗಬೇಡಿ, ಒಂದು ಎರಡು ಮೂರು ಕಳೆದುಹೋಗಿಲ್ಲ. ಬಹಳ ಕಾಲ ನಿಯಮವೇ ಹಾಗಿತ್ತು.

ಜನರ ಹತ್ತಿರ ಹೋಗುವುದು ಕೊನೆಗೆ. ಮೊದಲೇ ಹೋದರೆ ಅವರು ಹೇಳಿದ್ದೆಲ್ಲ ನಿಜ ಅನ್ನಿಸಿಬಿಡುತ್ತದೆ. ಹೋಗುವಾಗ ಫೋಟೋದ ಜೆರಾಕ್ಸ್ ಇರಲಿ. ‘ಅದು ಯಾವ ವರ್ಷ?’ ಅಂತ ಮಾತ್ರ ಕೇಳಬೇಡಿ, ನನ್ನ ಹಾಗೆ ಎಲ್ಲರೂ ತಪ್ಪು ಹೇಳುತ್ತಾರೆ. ‘ಆಗ ನೀವು ಎಷ್ಟನೇ ವರ್ಷದಲ್ಲಿದ್ದಿರಿ, ಕೋರ್ಟು ಮಣ್ಣಿಂದೋ ಸಿಮೆಂಟಿಂದೋ, ರಾತ್ರಿ ಎಲ್ಲಿ ಮಲಗಿದಿರಿ’ ಅಂತ ಕೇಳಿ. ಮಲಗಿದ ಜಾಗವನ್ನು ಯಾರೂ ಮರೆಯುವುದಿಲ್ಲ. ಹುಡುಗಿಯರ ತಂಡದವರನ್ನು ಹುಡುಕುವುದು ಕಷ್ಟ, ಮದುವೆಯಾದ ಮೇಲೆ ಅಡ್ಡಹೆಸರು ಬದಲಾಗಿರುತ್ತದೆ. ತವರೂರಿನ ಹೆಸರು ಹಿಡಿದು ಹೋಗಿ, ‘ಬಾಸ್ಕೆಟ್‌ಬಾಲ್ ಆಡ್ತಿದ್ದಾಕಿ’ ಅಂದರೆ ಓಣಿಯಲ್ಲಿ ಯಾರಾದರೂ ಮನೆ ತೋರಿಸುತ್ತಾರೆ. ಬೇಸರದ ವಿಷಯ ಅಂದರೆ ಮಹಿಳೆಯರ ಡ್ರಾ ಎಷ್ಟೋ ವರ್ಷ ನಾಲ್ಕೇ ತಂಡದ್ದು. ಆ ನಾಲ್ಕನ್ನೂ ಬಿಡದೆ ಬರೆಯಿರಿ.

ಬರೆಯುವಾಗ ಪ್ರತಿ ವರ್ಷಕ್ಕೂ ಒಂದು ಸಾಲು ಮಾಡಿಕೊಳ್ಳಿ. ವರ್ಷವನ್ನು ‘2001–02’ ಅಂತ ಜೋಡಿಯಾಗಿಯೇ ಹಾಕಿ, ಪಕ್ಕದಲ್ಲಿ ಪಂದ್ಯ ನಡೆದ ದಿನ. ಆಮೇಲೆ ಆತಿಥೇಯ ಕಾಲೇಜು, ಬಂದ ತಂಡಗಳು, ಫಲಿತಾಂಶ, ಎಲ್ಲಿಂದ ತಿಳಿಯಿತು. ಸಿಗದ ಕಡೆ ಖಾಲಿ ಬಿಡಿ. ಖಾಲಿ ಜಾಗ ನೋಡಿ ಯಾರಾದರೂ ಫೋನ್ ಮಾಡುತ್ತಾರೆ, ತುಂಬಿದ ಜಾಗ ನೋಡಿ ಯಾರೂ ಮಾಡುವುದಿಲ್ಲ. ಕೊನೆಗೆ ‘ಷರಾ’ ಅಂತ ಒಂದು ಅಗಲವಾದ ಕಾಲಂ ಇರಲಿ.

ಆ ಕಾಲಂ ನನಗೆ ಬೇಕಾದದ್ದು ಒಂದು ವಾಕ್‌ಓವರ್‌ಗಾಗಿ. ತೊಂಬತ್ತರ ದಶಕದ ಒಂದು ಡ್ರಾದಲ್ಲಿ ಹಾವೇರಿ ಕಡೆಯ ಒಂದು ಸಣ್ಣ ಕಾಲೇಜಿನ ಮುಂದೆ ಪೆನ್ಸಿಲ್ ಗುರುತು. ಆ ತಂಡದ ಕ್ಯಾಪ್ಟನ್ ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಡ್ರಾ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬಸ್ಸು ಬಂಕಾಪುರ ಕ್ರಾಸ್ ಹತ್ತಿರ ಕೆಟ್ಟು ನಿಂತಿತಂತೆ. ಲಾರಿ ಹತ್ತಿ ಧಾರವಾಡ ಮುಟ್ಟುವ ಹೊತ್ತಿಗೆ ಮುಂದಿನ ಪಂದ್ಯವೂ ಮುಗಿದಿತ್ತು. ಡ್ರೆಸ್ ಹಾಕಿಕೊಂಡು ಸುಮ್ನೆ ಕೋರ್ಟಿನಲ್ಲಿ ಅರ್ಧ ಗಂಟೆ ಚೆಂಡು ಆಡಿ ವಾಪಸ್ ಹೋದರಂತೆ.

‘ಸೋತಾರ ಅಂತ ಮಾತ್ರ ಬರೀಬ್ಯಾಡ್ರಿ ಸರ’ ಅಂದರು. ‘ನಾವು ಆಡೇ ಇಲ್ಲ.’

ಷರಾ ಕಾಲಂನಲ್ಲಿ ಹಾಗೇ ಬರೆದಿದ್ದೇನೆ: ಬಸ್ಸು ಕೆಟ್ಟಿತ್ತು, ಆಡಿಲ್ಲ.